ಸಮಸ್ಯಾಪೂರಣ: ಆಸೆಯ ಕೊಂದಾತನೊರ್ವನಾಸೆಯನಿತ್ತಂ

ಪೃಚ್ಛಕ: ನಾಲ್ಕು ಸಾಲಿನ ಕಂದಪದ್ಯದ ನಾಲ್ಕನೇ ಸಾಲು ಕೊಟ್ಟಿದ್ದೇನೆ, ಮೊದಲ ಮೂರನ್ನು ಕಟ್ಟಿ ಅರ್ಥ ಹೊಂದಿಸಿ. ಆಸೆಯನ್ನು ಕೊಂದವನೇ ಆಸೆ ಕೊಡುವುದು ಹೇಗೆ? ಗಜಪ್ರಾಸ, ಅಂದರೆ ಪ್ರತಿ ಸಾಲಿನ ಮೊದಲಕ್ಷರ ದೀರ್ಘ, ಎರಡನೆಯದು ಸಕಾರ. ‘ಹತಾಶ’ ಪದವೂ ಒಳಗೆ ಬಂದರೆ ಇನ್ನೂ ಚೆಂದ.

ಲಘುಗುರು: ಆ ಕೊನೆಯ ಮಾತಿನಲ್ಲೇ ಇಕ್ಕಟ್ಟಿದೆ ಸರ್. ಹತಾಶ, ಹತಾಶೆ, ನಿರಾಶೆ ಮೂರೂ ಲಘು-ಗುರು-ಲಘು, ಅಪ್ಪಟ ಜಗಣ. ಲಘುವಿಗೆ 1 ಮಾತ್ರೆ, ಗುರುವಿಗೆ 2. ಕಂದದ ಅರ್ಧಕ್ಕೆ, ಅಂದರೆ ಎರಡು ಸಾಲಿಗೆ, 4 ಮಾತ್ರೆಯ 8 ಗಣ. 1, 3, 5, 7ರಲ್ಲಿ ಜಗಣ ಬರುವಂತಿಲ್ಲ. ಹಾಗಾಗಿ ಸಾಲು ‘ಹತಾಶ’ದಿಂದ ಶುರುವಾಗದು. ‘ಬೇಸರದಿಂ ನಿರಾಶನಾಗಿ’ ಎಂದರೂ ಕೆಡುತ್ತದೆ: ‘ಬೇಸರ’ಕ್ಕೆ 4 ಮುಗಿದು, ‘ದಿಂ ನಿ’ಗೆ 3 ಆಗಿ, ಗಣದ ಗೆರೆ ‘ರಾ’ದ ನಡುವೆ ಬೀಳುತ್ತದೆ. ಆರನೇ ಗಣ ಮಾತ್ರ ಜಗಣ ಅಥವಾ ಸರ್ವಲಘುವೇ (ನಾಲ್ಕೂ ಲಘು) ಆಗಬೇಕು. ಪದವನ್ನು ಅಲ್ಲಿ ಕೂರಿಸಿ.

ಕಂದಪ್ರಿಯ: ಸದ್ಯಕ್ಕೆ ‘ಹತಾಶ’ ಇಲ್ಲದೆ ಒಂದು.

ಬೇಸತ್ತ ಕುಡುಕನಂ ಕಂ-
ಡೋಸರಿಸದೆ ವೈದ್ಯನವನ ಕೈವಿಡಿದಿರ್ದಂ
ಮಾಸಂಗಳೊಳಗೆ ಕುಡಿವೊಂ-
ದಾಸೆಯ ಕೊಂದಾತನೊರ್ವನಾಸೆಯನಿತ್ತಂ

ಪೃಚ್ಛಕ: ಭೇಷ್! ಮೊದಲ ಆಸೆ ಚಪಲ, ಎರಡನೆಯದು ಭರವಸೆ. ಸಮಸ್ಯೆ ಸ್ವರದಿಂದ ಶುರುವಾದಾಗ ಮೂರನೇ ಸಾಲಿನ ಕೊನೆಗೆ ವಿಸಂಧಿಯಾಗುವುದು, ಅಂದರೆ ಸಂಧಿ ಆಗಬೇಕಾದಲ್ಲಿ ಆಗದೆ ಉಳಿಯುವುದು, ಮಾಮೂಲು. ‘ಕುಡಿವೊಂದಾಸೆ’ ಎಂದು ಬೆಸೆದು ತಪ್ಪಿಸಿದ್ದೀರಿ. ಆರನೇ ಗಣ ‘ದ್ಯನವನ’ ಸರ್ವಲಘು. ಅಲ್ಲಿ ಮೊದಲ ಲಘುವಿನ ನಂತರ ಯತಿ, ಅಂದರೆ ನಿಲುಗಡೆ, ಬೇಕು, ‘ವೈದ್ಯ’ ಎಂಬಲ್ಲಿ ಸರಿಯಾಗಿ ನಿಂತಿದೆ.

ತದ್ಭವ: ಪದದ ಬಗ್ಗೆ ಸ್ವಲ್ಪ. ಹತಾಶ ಎಂಬುದು ಬಹುವ್ರೀಹಿ, ‘ಹತವಾದ ಆಶೆ ಯಾರದೋ ಅವನು’. ಮೂಲದಲ್ಲಿ ಅದು ವಿಶೇಷಣ. ‘ಹತಾಶೆ’ಯನ್ನು ಭಾವನಾಮವಾಗಿ ಬಳಸುವುದು ಕನ್ನಡದ ರೂಢಿ. ಅದನ್ನು ತಪ್ಪೆಂದು ತಿದ್ದಲು ಹೊರಡುವುದು ಅತಿಯಾಯಿತು. ಆಶಾ ಶಬ್ದವೇ ತದ್ಭವವಾಗಿ ಆಸೆ, ಶಾಲಾ ಸಾಲೆಯಾದಂತೆ. ಆದರೆ ಪ್ರಾಸದ ಸಕಾರಕ್ಕಾಗಿ ‘ಹತಾಸೆ’ ಎಂದು ಹೊಸೆಯಬೇಡಿ, ಸಂಸ್ಕೃತಕ್ಕೆ ಕನ್ನಡ ರೂಪ ಬೆಸೆದ ಅರಿಸಮಾಸವಾಗುತ್ತದೆ. ನೈರಾಶ್ಯಕ್ಕೆ ಇನ್ನೊಂದು ಮುಖವಿದೆ: ಭಾಗವತದ ಪಿಂಗಳೆ ಎಂಬ ವೇಶ್ಯೆಯ ಪ್ರಸಂಗದಲ್ಲಿ ‘ನೈರಾಶ್ಯಂ ಪರಮಂ ಸುಖಂ’ ಎಂದು ಬರುತ್ತದೆ. ಅಲ್ಲಿ ಅದು ಎದೆಗುಂದುವುದಲ್ಲ, ಬಯಕೆ ಕಳಚುವುದು. ಈ ಸಮಸ್ಯೆಗೆ ಕೀಲಿಕೈ ಅಲ್ಲೇ ಇದೆ.

ಲಘುಗುರು: ಆ ಕೀಲಿ ಹಿಡಿದು, ‘ಹತಾಶ’ ಆರನೇ ಗಣದಲ್ಲಿ:

ಬೀಸಾಡುತೆ ಗಾಂಡಿವಮಂ
ರೋಸುತೆ ಕುಳಿತಿರೆ ಹತಾಶನರ್ಜುನನಾಗಳ್
ವಾಸವಸುತನೊಳ್ ಫಲದೊಂ-
ದಾಸೆಯ ಕೊಂದಾತನೊರ್ವನಾಸೆಯನಿತ್ತಂ

ಕಂದಪ್ರಿಯ: ಲೆಕ್ಕ ಪಕ್ಕಾ. ಗಾಂಡೀವಕ್ಕೆ ‘ಗಾಂಡಿವ’ ಎಂಬ ಹ್ರಸ್ವ ರೂಪವೂ ಇರುವುದರಿಂದ ಮಾತ್ರೆ ಉಳಿಯಿತು. ಆದರೆ ವಾಸವಸುತನೆಂದರೂ ಅರ್ಜುನನೇ, ಪುನರುಕ್ತಿ. ಕೊಂದವನು ಯಾರೆಂಬುದು ಮಾತ್ರ ಎಲ್ಲೂ ಬರಲೇ ಇಲ್ಲ!

ಲಘುಗುರು: ಹಾಗಾದರೆ ಮೂರನೇ ಸಾಲು ‘ಹಾಸದಿನಾ ಹರಿ ಫಲದೊಂ-’. ಹಾಸದಿ | ನಾಹರಿ | ಫಲದೊಂ, 4+4+4.

ತದ್ಭವ: ಇದು ಗಟ್ಟಿ. ಗೀತೆಯ 2.10ರಲ್ಲಿ ‘ಪ್ರಹಸನ್ನಿವ’ (ನಗುತ್ತಿರುವವನಂತೆ) ಎಂದೇ ಇದೆ, ನಗು ಪ್ರಾಸಕ್ಕೆಂದು ತಂದದ್ದಾಗಲಿಲ್ಲ.

ಪೃಚ್ಛಕ: ಒಪ್ಪಿದೆ. ಒಂದೇ ತಕರಾರು: ಹರಿ ಎಂದು ಹೆಸರಿಸಿದ ಮೇಲೆ ‘ಒರ್ವ’ ಸುಮ್ಮನೆ ನಿಂತ ಹಾಗಿದೆ. ಅದು ಪೂರಣದ ದೋಷವಲ್ಲ, ಸಮಸ್ಯೆಯಲ್ಲೇ ಇತ್ತು. ‘ಅವನೊಬ್ಬನೇ’ ಎಂಬ ಅರ್ಥದಲ್ಲಿ ಓದಿಕೊಳ್ಳಬಹುದು.

ಕಂದಪ್ರಿಯ: ಹಾಗೆ ಓದಲು ‘ಒರ್ವನೆ’ ಬೇಕಲ್ಲ ಸರ್? ಅವಧಾರಣೆಯ, ಅಂದರೆ ಒತ್ತಿ ಹೇಳುವ, ಎ ಸೇರಿಸಿದರೆ ಆರನೇ ಗಣ ದಾಟಿ ಏಳನೆಯದು ಒಡೆಯುತ್ತದೆ.