ವಿಷುವದ ದಿನ ಹುಬ್ಬಳ್ಳಿಯಲ್ಲಿ ಹಗಲು ಏಳು ನಿಮಿಷ ಹೆಚ್ಚೇಕೆ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)

ವಿಷುವದ ದಿನ ಹಗಲು ಮತ್ತು ಇರುಳು ತಲಾ ಹನ್ನೆರಡು ಗಂಟೆ ಇರುತ್ತವೆ ಎಂದು ಶಾಲೆಯಲ್ಲಿ ನಾವೆಲ್ಲರೂ ಓದಿದ್ದೇವೆ. ಆದರೆ ಮಾರ್ಚ್ 20ರಂದು ನಮ್ಮೂರಿನಲ್ಲಿ ಸೂರ್ಯೋದಯ ಸುಮಾರು 6 ಗಂಟೆ 33 ನಿಮಿಷಕ್ಕೂ ಸೂರ್ಯಾಸ್ತ 6 ಗಂಟೆ 40 ನಿಮಿಷಕ್ಕೂ ಆಗುತ್ತದೆ. ಹಾಗಾದರೆ ಸಮನಾಗಿದ್ದು ಎಲ್ಲಿ? ಈ ದಿನಾಂಕ ಒಂದು ವರ್ಷ 20, ಇನ್ನೊಂದು ವರ್ಷ 21 ಎಂದು ಬದಲಾಗುವುದೇಕೆ? ಪಂಚಾಂಗದವರು ಏಪ್ರಿಲ್ 14ರ ಸುಮಾರಿನ ಮೇಷ ಸಂಕ್ರಮಣವನ್ನೇ ವಿಷುವ ಎನ್ನುತ್ತಾರಲ್ಲ, ಅದಕ್ಕೇನು ಆಧಾರ?

ಉತ್ತರ 1 (ಧಾರವಾಡ, ನಿವೃತ್ತ ಭೂಗೋಳ ಅಧ್ಯಾಪಕ)

ವಿಷುವವೆಂದರೆ ಒಂದು ದಿನವಲ್ಲ, ಒಂದು ಕ್ಷಣ ಎಂದು ತಿಳಿದರೆ ಗೊಂದಲದ ಬಹುಭಾಗ ಕಳೆಯುತ್ತದೆ. ಭೂಮಿಯ ಅಕ್ಷವು ಸುಮಾರು 23.4 ಡಿಗ್ರಿ ವಾಲಿಕೊಂಡಿದ್ದು, ವರ್ಷವಿಡೀ ಆಕಾಶದ ಒಂದೇ ದಿಕ್ಕಿಗೆ ಮುಖ ಮಾಡಿರುತ್ತದೆ. ಆದ್ದರಿಂದ ಭೂಮಿ ಸೂರ್ಯನನ್ನು ಸುತ್ತುತ್ತಿರುವಾಗ ಜೂನ್‌ನಲ್ಲಿ ಉತ್ತರ ಧ್ರುವವು ಸೂರ್ಯನ ಕಡೆಗೂ ಡಿಸೆಂಬರ್‌ನಲ್ಲಿ ದಕ್ಷಿಣ ಧ್ರುವವು ಸೂರ್ಯನ ಕಡೆಗೂ ವಾಲಿರುತ್ತದೆ, ಇವೆರಡರ ನಡುವೆ ವರ್ಷಕ್ಕೆ ಎರಡು ಸಲ ಯಾವ ಧ್ರುವವೂ ಸೂರ್ಯನತ್ತ ವಾಲಿರುವುದಿಲ್ಲ. ಆಗ ಸೂರ್ಯನ ಕೇಂದ್ರವು ಸಮಭಾಜಕ ವೃತ್ತದ ನೇರಕ್ಕೆ ಬಂದು ದಾಟುತ್ತದೆ. ಆ ದಾಟುವ ಕ್ಷಣವೇ ವಿಷುವ.

ಇನ್ನು ನಿಮ್ಮ ಏಳು ನಿಮಿಷ. ಸೂರ್ಯನ ಕೇಂದ್ರವಲ್ಲ, ಮೇಲಂಚು ದಿಗಂತದಲ್ಲಿ ಕಂಡೊಡನೆ ಸೂರ್ಯೋದಯವಾಯಿತೆಂದೂ ಅದೇ ಮೇಲಂಚು ಮರೆಯಾದಾಗ ಸೂರ್ಯಾಸ್ತವೆಂದೂ ನಾವು ಲೆಕ್ಕ ಹಿಡಿಯುತ್ತೇವೆ. ಬಿಂಬದ ಅರ್ಧ ಅಗಲ ಕಾಲು ಡಿಗ್ರಿಗಿಂತ ತುಸು ಹೆಚ್ಚು. ಇದರ ಮೇಲೆ, ವಾತಾವರಣವು ಬೆಳಕನ್ನು ಬಾಗಿಸುವುದರಿಂದ ದಿಗಂತದ ಬಳಿಯ ಸೂರ್ಯ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಎತ್ತರದಲ್ಲಿ ಕಾಣುತ್ತಾನೆ. ನಾವು ನೋಡುತ್ತಿರುವ ಸೂರ್ಯ ನಿಜವಾಗಿ ಇನ್ನೂ ದಿಗಂತದ ಕೆಳಗೇ ಇರುತ್ತಾನೆ. ಎರಡೂ ಸೇರಿ ಡಿಗ್ರಿಯ ಆರರಲ್ಲಿ ಐದು ಪಾಲು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು, ಅದರ ಮೇಲೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಸ್ವಲ್ಪ ಓರೆಯಾಗಿ ಏರುತ್ತಾನೆ. ಹೀಗೆ ಬೆಳಿಗ್ಗೆ ಸುಮಾರು ಮೂರೂವರೆ ನಿಮಿಷ, ಸಂಜೆ ಅಷ್ಟೇ.

ಹುಬ್ಬಳ್ಳಿ-ಧಾರವಾಡದಲ್ಲಿ ಮಾರ್ಚ್ ತಿಂಗಳಲ್ಲಿ ಹಗಲು ದಿನಕ್ಕೆ 52 ಸೆಕೆಂಡಿನಂತೆ ಬೆಳೆಯುತ್ತದೆ. ಹಾಗಾಗಿ ಹಗಲಿರುಳು ನಿಜಕ್ಕೂ ಸಮನಾಗುವುದು ವಿಷುವಕ್ಕೆ ಸುಮಾರು ಎಂಟು ದಿನ ಮೊದಲು, ಮಾರ್ಚ್ 12ರ ಆಸುಪಾಸಿನಲ್ಲಿ. ಶರತ್ಕಾಲದಲ್ಲಿ ಎಂಟು ದಿನ ತಡವಾಗಿ, ಸೆಪ್ಟೆಂಬರ್ ಕೊನೆಗೆ. ಸಮಭಾಜಕ ವೃತ್ತದ ಮೇಲಿರುವ ಊರುಗಳಲ್ಲಂತೂ ಹಗಲು ವರ್ಷವಿಡೀ ಸುಮಾರು ಏಳು ನಿಮಿಷ ಹೆಚ್ಚಾಗಿಯೇ ಇದ್ದು, ಸಮನಾಗುವ ದಿನ ಬರುವುದೇ ಇಲ್ಲ.

ಉತ್ತರ 2 (ಗದಗ)

ಇದನ್ನು ಕಣ್ಣಾರೆ ನೋಡಬಹುದು. ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡುತ್ತ ಹೋಗಿ. ವಿಷುವದ ದಿನ ಆ ಚುಕ್ಕೆಗಳೆಲ್ಲ ಪೂರ್ವ-ಪಶ್ಚಿಮವಾಗಿ ಹೆಚ್ಚುಕಡಿಮೆ ಒಂದೇ ನೇರ ಗೆರೆಯಲ್ಲಿ ಬೀಳುತ್ತವೆ. ಡಿಸೆಂಬರ್‌ನಲ್ಲಿ ಆ ಗೆರೆಯ ಎರಡೂ ಕೊನೆಗಳು ಉತ್ತರಕ್ಕೆ, ಜೂನ್‌ನಲ್ಲಿ ದಕ್ಷಿಣಕ್ಕೆ ಬಾಗುತ್ತವೆ. ಎರಿ ಹೊಲದಲ್ಲಿ ಮಾತ್ರ ಪ್ರಯತ್ನಿಸಬೇಡಿ. ಮಾರ್ಚ್ ಹೊತ್ತಿಗೆ ನೆಲ ಬಿರುಕು ಬಿಟ್ಟು ಕೋಲು ಅಲುಗಾಡುತ್ತದೆ. ಮಾಳಿಗೆಯೇ ವಾಸಿ, ಜೊತೆಗೆ ಒಂದು ತೂಗುಗುಂಡು ಇರಲಿ.

ಗದಗಿನಲ್ಲಿ ಅಂದು ಅತಿ ಗಿಡ್ಡ ನೆರಳು ಸುಮಾರು 27.5 ಸೆಂಟಿಮೀಟರ್ ಇರುತ್ತದೆ, ಹಾವೇರಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಕಡಿಮೆ. ಅದು ಬೀಳುವುದು ಹನ್ನೆರಡಕ್ಕಲ್ಲ, 12 ಗಂಟೆ 35 ನಿಮಿಷದ ಸುಮಾರಿಗೆ, ಏಕೆಂದರೆ ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ, ನಾವಿರುವುದು ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕೆ. ನಮಗೆ ಸೂರ್ಯ ನಡುನೆತ್ತಿಗೆ ಬರುವುದು ಮೇ ತಿಂಗಳ ಆರಂಭದಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದಲ್ಲಿ. ಹಾಗಿರುವಾಗ ವಿಷುವದಿಂದ ಬಿಸಿಲು ಏಕಾಏಕಿ ವಿಪರೀತವಾಗುತ್ತದೆಂದು ಪ್ರತಿ ಮಾರ್ಚ್‌ನಲ್ಲೂ ವಾಟ್ಸಾಪ್‌ನಲ್ಲಿ ಹರಿದಾಡುವ ಸಂದೇಶಕ್ಕೆ ಬುಡವೇ ಇಲ್ಲ.

ಉತ್ತರ 3 (ಹಾವೇರಿ)

ಉಳಿದ ಎರಡು ಪ್ರಶ್ನೆಗಳಿಗೆ ನನ್ನ ಉತ್ತರ. ಒಂದು ಮಾರ್ಚ್ ವಿಷುವದಿಂದ ಮುಂದಿನದಕ್ಕೆ 365 ದಿನಗಳ ಮೇಲೆ ಸುಮಾರು 5 ಗಂಟೆ 49 ನಿಮಿಷ ಹಿಡಿಯುವುದರಿಂದ ಆ ಕ್ಷಣ ವರ್ಷವರ್ಷ ಮುಂದೆ ಸರಿಯುತ್ತದೆ, ಅಧಿಕ ವರ್ಷ ಬಂದಾಗ ಒಂದು ದಿನ ಹಿಂದಕ್ಕೆ ಬರುತ್ತದೆ. ಭಾರತೀಯ ಸಮಯದಂತೆ 2025ರಲ್ಲಿ ಅದು ಮಾರ್ಚ್ 20ರ ಮಧ್ಯಾಹ್ನ 2 ಗಂಟೆ 31 ನಿಮಿಷಕ್ಕೆ, 2026ರಲ್ಲಿ ಅದೇ ದಿನಾಂಕದ ರಾತ್ರಿ 8 ಗಂಟೆ 16 ನಿಮಿಷಕ್ಕೆ. 2027ರಲ್ಲಿ ಮಧ್ಯರಾತ್ರಿ ದಾಟಿ 21ಕ್ಕೆ ಬೀಳುತ್ತದೆ, 2028ರಲ್ಲಿ ಮತ್ತೆ 20ರ ಬೆಳಿಗ್ಗೆ.

ಪಂಚಾಂಗದ ವಿಷಯದಲ್ಲಿ ನಂಬಿಕೆಯ ಪ್ರಶ್ನೆ ಬರುವುದಿಲ್ಲ, ಅಳತೆಯ ಮೊದಲ ಗುರುತು ಬೇರೆ ಅಷ್ಟೇ. ನಿರಯನ ಪದ್ಧತಿ ಸೂರ್ಯನ ಸ್ಥಾನವನ್ನು ನಕ್ಷತ್ರಗಳಿಂದ ಎಣಿಸುತ್ತದೆ, ಸಾಯನ ಪದ್ಧತಿ ವಿಷುವ ಬಿಂದುವಿನಿಂದ. ಭೂಮಿಯ ಅಕ್ಷ ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತು ನಿಧಾನವಾಗಿ ಓಲಾಡುವುದರಿಂದ ವಿಷುವ ಬಿಂದುವು ನಕ್ಷತ್ರಗಳ ನಡುವೆ 72 ವರ್ಷಕ್ಕೆ ಒಂದು ಡಿಗ್ರಿಯಂತೆ ಪಶ್ಚಿಮಕ್ಕೆ ಸರಿಯುತ್ತ ಬಂದಿದ್ದು, ಈಗ ಎರಡರ ನಡುವಿನ ಅಂತರ 24 ಡಿಗ್ರಿ ದಾಟಿದೆ. ಅದನ್ನೇ ಅಯನಾಂಶ ಎನ್ನುತ್ತಾರೆ. ಮಾರ್ಚ್ 20 ಮತ್ತು ಏಪ್ರಿಲ್ 14ರ ನಡುವಿನ ದಿನಗಳು ಅಲ್ಲಿಂದ ಬಂದವು. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ನಮ್ಮ ರಾಷ್ಟ್ರೀಯ ಪಂಚಾಂಗ ಮಾತ್ರ ವಿಷುವದ ಮರುದಿನವನ್ನೇ ಆಧಾರವಾಗಿಟ್ಟುಕೊಂಡು ಚೈತ್ರ 1 ಎಂದಿತು. ಸರ್ಕಾರಿ ಗೆಜೆಟ್ ಬಿಟ್ಟರೆ ಅದನ್ನು ಬಳಸುವವರನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಇನ್ನೊಂದು ಸಂದೇಹ: ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವಕ್ಕೆ 186 ದಿನಗಳಾದರೆ ಅಲ್ಲಿಂದ ಮತ್ತೆ ಮಾರ್ಚ್‌ಗೆ 179 ದಿನ ಮಾತ್ರ. ಇದು ಫೆಬ್ರುವರಿಯ ಕೃಪೆಯೇ?

ಉತ್ತರ 1 ಬರೆದವರು

ಅಲ್ಲ. ಭೂಮಿಯ ಕಕ್ಷೆ ದೀರ್ಘವೃತ್ತ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ, ಜುಲೈ ಆರಂಭದಲ್ಲಿ 15.2 ಕೋಟಿ. ಸೂರ್ಯನಿಗೆ ಹತ್ತಿರವಿದ್ದಾಗ ಗ್ರಹದ ವೇಗ ಹೆಚ್ಚು ಎಂಬುದು ಕೆಪ್ಲರ್ 1609ರಲ್ಲಿ ಪ್ರಕಟಿಸಿದ ನಿಯಮ. ಆದ್ದರಿಂದ ಚಳಿಗಾಲದ ಅರ್ಧವನ್ನು ಭೂಮಿ ಬೇಗ ಮುಗಿಸುತ್ತದೆ, ಬೇಸಿಗೆ ಮತ್ತು ಮಳೆಗಾಲದ ಅರ್ಧಕ್ಕೆ ಒಂದು ವಾರ ಹೆಚ್ಚು ತೆಗೆದುಕೊಳ್ಳುತ್ತದೆ.