ಬಣ್ಣದ ಗಾಜಿನ ಕಿಟಕಿ ಉಬ್ಬಿದೆ, ಸೀಸದ ಮೇಲೆ ಬಿಳಿ ಪುಡಿ

ಪ್ರಶ್ನೆ (ಕಲಬುರಗಿ):
ನಮ್ಮ ಹಳೇ ಮನೆಯ ಪಡುವಣ ಗೋಡೆಯಲ್ಲಿ ಬಣ್ಣದ ಗಾಜಿನ ಕಿಟಕಿ ಇದೆ. ನಿಜಾಮರ ಕಾಲದ್ದು ಅಂತ ಅಜ್ಜ ಹೇಳುತ್ತಿದ್ದರು. ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಿಂದ ಕೂಡಿಸಿದ್ದಾರೆ. ಈಗ ನಡುಭಾಗ ಹೊರಗೆ ಉಬ್ಬಿದೆ. ಗಾಳಿ ಬಂದರೆ ಗಲಗಲ ಸದ್ದು. ಹೋದ ವರ್ಷ ಮಿಸ್ತ್ರಿ ಅಂಚಿಗೆಲ್ಲ ಸಿಲಿಕೋನ್ ಹಾಕಿದ್ದರು, ಆಮೇಲೆ ಬಿಳಿ ಪುಡಿ ಏಳುತ್ತಿದೆ. ಪೂರ್ತಿ ಬಿಚ್ಚಿ ಹೊಸ ಸೀಸ ಹಾಕಿಸಬೇಕಾ?

ಉತ್ತರ (ಬೀದರ್):
ಈಗಲೇ ಬಿಚ್ಚಿಸಬೇಡಿ ಸರ್. ಹಳೇ ಸೀಸ ಉಳಿಯುವಷ್ಟು ದಿನ ಉಳಿಸಬೇಕು. ಆ ಸಿಲಿಕೋನ್ ಹಸಿ ಇದ್ದಾಗ ವಿನೆಗರ್ ವಾಸನೆ ಬಂದಿತ್ತಾ? ಗಾಜಿನ ಮೇಲೆ ಕುಂಚದಿಂದ ಬರೆದ ಗೆರೆಗಳಿವೆಯಾ?

ಪ್ರಶ್ನೆ ಕೇಳಿದವರು:
ಹೌದು, ಮನೆಯೆಲ್ಲ ಹುಳಿ ವಾಸನೆ. ಗೆರೆ ಇಲ್ಲ, ಬರೀ ಬಣ್ಣದ ಗಾಜು.

ಉತ್ತರ (ಬೀದರ್):
ಹಾಗಾದರೆ ಪುಡಿಗೆ ಕಾರಣ ಅದೇ ಇರಬೇಕು. ಆ ಜಾತಿಯ ಸಿಲಿಕೋನ್ ಒಣಗುವಾಗ ಅಸೆಟಿಕ್ ಆಮ್ಲ ಬಿಡುತ್ತದೆ, ಅದು ಸೀಸವನ್ನು ತಿನ್ನುತ್ತದೆ. ಸಿಲಿಕೋನನ್ನು ಬ್ಲೇಡಿನಿಂದ ನಿಧಾನವಾಗಿ ಕತ್ತರಿಸಿ ತೆಗೆಯಿರಿ. ಬಿಳಿ ಪುಡಿ ವಿಷ. ಒಣ ಬ್ರಷ್ ಬೇಡವೇ ಬೇಡ. ಗಾಜಿನ ಮೇಲೆ ಬರೆದ ಗೆರೆ ಇಲ್ಲವಾದ್ದರಿಂದ, ಮಾಸ್ಕ್, ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಮತ್ತೆ ಬಳಸಬೇಡಿ. ಮಕ್ಕಳು ಹತ್ತಿರ ಬರಬಾರದು.

ಉಬ್ಬಿದ್ದು ನಮ್ಮ ಬಿಸಿಲಿಗೆ. ಸೀಸ ಹಿಗ್ಗಿ ಕುಗ್ಗಿ ದಣಿಯುತ್ತದೆ, ಗಾಜು-ಸೀಸದ ನಡುವೆ ತುಂಬಿದ ಪುಟ್ಟಿ ಉದುರಿದ ಮೇಲೆ ಗಾಜಿಗೆ ಹಿಡಿತವೇ ಇರುವುದಿಲ್ಲ. ಆದರೆ ಸರಿಮಾಡಲಿಕ್ಕೂ ಅದೇ ಬಿಸಿಲು ಬೇಕು! ಕಿಟಕಿಯನ್ನು ಹಲಗೆಗೆ ಆನಿಸಿ, ನಿಲ್ಲಿಸಿಕೊಂಡೇ ಇಳಿಸಿ. ಅಡ್ಡ ಹಿಡಿದರೆ ಮುರಿಯುತ್ತದೆ. ಸಡಿಲ ಪುಟ್ಟಿ ಕೆದಕಿ ತೆಗೆದು, ಉಬ್ಬು ಮೇಲಾಗುವಂತೆ ಸಮ ಹಲಗೆಯ ಮೇಲೆ ಬಿಸಿಲಿಗೆ ಮಲಗಿಸಿ. ಮೇಲೆ ದಪ್ಪ ಬಟ್ಟೆ, ಅಲ್ಲಲ್ಲಿ ಚಿಕ್ಕ ಮರಳಿನ ಚೀಲ. ಕೈಯಿಂದ ಒತ್ತಬೇಡಿ, ದಿನಗಟ್ಟಲೆ ಬಿಡಿ, ತಾನಾಗೇ ಇಳಿಯುತ್ತದೆ. ಚಟಚಟ ಸದ್ದು ಬಂದರೆ ಭಾರ ತೆಗೆಯಿರಿ.

ಬೆಸುಗೆ ಬಿಟ್ಟ ಕಡೆ ಮಾತ್ರ ಮತ್ತೆ ಬೆಸೆಯಿರಿ. 60/40 ಬೆಸುಗೆ (60 ಪಾಲು ತವರ, 40 ಪಾಲು ಸೀಸ) ಸುಮಾರು 190 ಡಿಗ್ರಿಗೆ ಕರಗುತ್ತದೆ, ಸೀಸ 327ಕ್ಕೆ. ಕಾವು ಜಾಸ್ತಿಯಾದರೆ ಪಟ್ಟಿಯೇ ಕರಗಿ ಹೋಗುತ್ತದೆ.

ಪುಟ್ಟಿಗೆ ಸೀಮೆಸುಣ್ಣದ ಪುಡಿ, ಕಾಯಿಸಿದ ಅಗಸೆ ಎಣ್ಣೆ ಸಾಕು. ಗೋಡೆಯ ಪುಟ್ಟಿ ಬೇಡ. ಪಟ್ಟಿಯ ತುಟಿಯೊಳಗೆ ಗಟ್ಟಿ ಬ್ರಷ್‌ನಿಂದ ತಳ್ಳಿ, ಮೇಲೆ ಒಣ ಸೀಮೆಸುಣ್ಣದ ಪುಡಿ ಉದುರಿಸಿ ಹೆಚ್ಚಿನ ಎಣ್ಣೆ ಹೀರಿಸಿ.

ಹಿಂದೆ ಅಡ್ಡ ಕಂಬಿ ಇದೆಯಾ? ಇಲ್ಲದಿದ್ದರೆ ಒಂದು ಹಾಕಿಸಿ, ತಾಮ್ರದ ತಂತಿಯಿಂದ ಸೀಸಕ್ಕೆ ಕಟ್ಟಿಸಿ. ಅದಿಲ್ಲದೆ ಬರುವ ಬೇಸಿಗೆಗಳಲ್ಲಿ ಮತ್ತೆ ಉಬ್ಬುತ್ತದೆ.