ಮುದ್ರಣಾಲಯ ನಿಲ್ಲಿಸಿ ಎಣ್ಣೆ ಗಾಣ ಆರಂಭಿಸುವಾಗ ಹಳೆಯ ಯಂತ್ರಗಳ ಮೇಲಿನ ತೆರಿಗೆ ಹೇಗೆ?

ಪ್ರಶ್ನೆ

ಮಾನ್ಯರೇ, ಚಿತ್ರದುರ್ಗದಲ್ಲಿ ನನ್ನೊಬ್ಬನ ಮಾಲೀಕತ್ವದ ಆಫ್‌ಸೆಟ್ ಮುದ್ರಣಾಲಯವಿದೆ. ಲಗ್ನಪತ್ರಿಕೆ ಮತ್ತು ಬಿಲ್ ಪುಸ್ತಕಗಳ ಕೆಲಸ ಕಡಿಮೆಯಾಗಿ ಕಳೆದ ಎರಡು ವರ್ಷ ನಷ್ಟವೇ ಆಗಿರುವುದರಿಂದ, ಅದನ್ನು ನಿಲ್ಲಿಸಿ ಚಳ್ಳಕೆರೆ ಕಡೆಯಿಂದ ಶೇಂಗಾ ತರಿಸಿ ಗಾಣದ ಎಣ್ಣೆ ತೆಗೆಯುವ ಉದ್ಯಮಕ್ಕೆ ಇಳಿಯಬೇಕೆಂದಿದ್ದೇನೆ. 2019ರಲ್ಲಿ 12 ಲಕ್ಷ ರೂಪಾಯಿಗೆ ಕೊಂಡ ಆಫ್‌ಸೆಟ್ ಯಂತ್ರಕ್ಕೆ ಈಗ 6.50 ಲಕ್ಷ ಕೊಡಲು ಒಬ್ಬರು ಒಪ್ಪಿದ್ದಾರೆ. ಕಾಗದ ಕತ್ತರಿಸುವ ಯಂತ್ರ, ಟೆಂಪೊ, ಎರಡು ಕಂಪ್ಯೂಟರ್ ಮತ್ತು ಪೀಠೋಪಕರಣಗಳು ನನ್ನಲ್ಲೇ ಉಳಿಯುತ್ತವೆ. ಶೇ. 15ರ ಸವಕಳಿಯ (ಬಳಕೆಯಿಂದ ಸವೆಯುವುದಕ್ಕೆಂದು ಪ್ರತಿವರ್ಷ ಲೆಕ್ಕದಲ್ಲಿ ಕಳೆಯುವ ಮೊತ್ತ) ಯಂತ್ರಗಳ ಒಟ್ಟು ಉಳಿಕೆ ಮೌಲ್ಯ ಈ ವರ್ಷದ ಆರಂಭಕ್ಕೆ ನನ್ನ ಲೆಕ್ಕದಲ್ಲಿ 4.80 ಲಕ್ಷ ಇದೆ. ಗಾಣದ ಯಂತ್ರಗಳಿಗೆ ಜಿಎಸ್‌ಟಿ ಬಿಟ್ಟು 7 ಲಕ್ಷದ ಕೊಟೇಶನ್ ಬಂದಿದೆ.

ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರೂ ಲಾಭದ ತೆರಿಗೆ ಬರುತ್ತದೆ ಎಂದು ಪರಿಚಿತರೊಬ್ಬರು ಹೇಳಿದ್ದು ನನ್ನನ್ನು ಚಿಂತೆಗೆ ಹಚ್ಚಿದೆ. ಹಳೆಯ ನಷ್ಟ ಹೊಸ ಉದ್ಯಮಕ್ಕೆ ಬರುತ್ತದೆಯೇ? ಜಿಎಸ್‌ಟಿ ನೋಂದಣಿ ರದ್ದುಪಡಿಸಿ ಹೊಸದಾಗಿ ಪಡೆಯಬೇಕೇ?

ಉತ್ತರ 1

ನಿಮ್ಮ ಪರಿಚಿತರು ಹೇಳಿದ್ದು ಸರಿ, ಆದರೆ ಅದು ಅರ್ಧ ಮಾತು. ಆದಾಯ ತೆರಿಗೆಯಲ್ಲಿ ಒಂದೊಂದು ಯಂತ್ರಕ್ಕೂ ಪ್ರತ್ಯೇಕ ಲಾಭ ನಷ್ಟ ನೋಡುವುದಿಲ್ಲ. ಒಂದೇ ವರ್ಗದ, ಒಂದೇ ದರದಲ್ಲಿ ಸವಕಳಿ ಪಡೆಯುವ ಆಸ್ತಿಗಳೆಲ್ಲ ಸೇರಿ ಒಂದು ಬ್ಲಾಕ್ ಆಗುತ್ತವೆ. ಮುದ್ರಣಯಂತ್ರ, ಕತ್ತರಿಸುವ ಯಂತ್ರ, ಸ್ವಂತ ಸರಕಿಗೆ ಬಳಸುವ ಟೆಂಪೊ ಎಲ್ಲವೂ ಶೇ. 15ರ ಬ್ಲಾಕಿನಲ್ಲಿರುತ್ತವೆ, ನಾಳೆ ಬರುವ ಗಾಣದ ಯಂತ್ರಗಳೂ ಅಲ್ಲಿಗೇ ಸೇರುತ್ತವೆ. ತೆರಿಗೆದಾರ ನೀವೇ ಆಗಿರುವವರೆಗೆ ಉದ್ಯಮ ಬದಲಾಯಿತೆಂಬ ಕಾರಣಕ್ಕೆ ಬ್ಲಾಕ್ ಒಡೆಯುವುದಿಲ್ಲ.

ಈ ವರ್ಷ ಯಂತ್ರ ಮಾರಿ ಹೊಸದೇನನ್ನೂ ಕೊಳ್ಳದಿದ್ದರೆ 6.50 ಲಕ್ಷದಲ್ಲಿ 4.80 ಲಕ್ಷ ಕಳೆದು ಉಳಿಯುವ 1.70 ಲಕ್ಷ ಅಲ್ಪಾವಧಿ ಬಂಡವಾಳ ಲಾಭವಾಗುತ್ತದೆ. 1961ರ ಕಾಯ್ದೆಯಲ್ಲಿ ಇದು ಕಲಂ 50. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬೇರೆ. ಟೆಂಪೊ ಮತ್ತು ಕತ್ತರಿಸುವ ಯಂತ್ರ ಇನ್ನೂ ಬ್ಲಾಕಿನಲ್ಲಿ ಇವೆಯಲ್ಲ ಎಂದು ವಾದಿಸಿದರೂ ಈ ತೆರಿಗೆ ತಪ್ಪುವುದಿಲ್ಲ, ಏಕೆಂದರೆ ಮಾರಾಟದ ಮೊತ್ತ ಇಡೀ ಬ್ಲಾಕಿನ ಮೌಲ್ಯವನ್ನು ಮೀರಿದೆ. ಅಷ್ಟೇ ಅಲ್ಲ, ಉಳಿದ ಆ ಎರಡರ ಮೌಲ್ಯವೂ ಶೂನ್ಯವಾಗಿ, ಮುಂದೆ ಅವುಗಳ ಮೇಲೆ ಸವಕಳಿ ಸಿಗದು.

ಅದೇ ಆರ್ಥಿಕ ವರ್ಷದಲ್ಲಿ, ಅಂದರೆ ಮಾರ್ಚ್ 31ರ ಒಳಗೆ, 7 ಲಕ್ಷದ ಗಾಣದ ಯಂತ್ರಗಳನ್ನು ಕೊಂಡರೆ ಲೆಕ್ಕವೇ ಬೇರೆ. 4.80ಕ್ಕೆ 7 ಸೇರಿಸಿ 6.50 ಕಳೆದರೆ 5.30 ಲಕ್ಷ ಉಳಿಯುತ್ತದೆ. ಬಂಡವಾಳ ಲಾಭ ಬರುವುದೇ ಇಲ್ಲ. ಆದ್ದರಿಂದ ಫೆಬ್ರವರಿಯಲ್ಲಿ ಮಾರಿ ಏಪ್ರಿಲ್‌ನಲ್ಲಿ ಕೊಳ್ಳುವ ಏರ್ಪಾಡನ್ನು ದಯವಿಟ್ಟು ಮಾಡಿಕೊಳ್ಳಬೇಡಿ. ಹೊಸ ಯಂತ್ರ ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಅದರ ಮೇಲಿನ ಸವಕಳಿ ಅರ್ಧಕ್ಕೆ ಇಳಿಯುತ್ತದೆ, ಬಳಕೆಯೇ ಆರಂಭವಾಗದಿದ್ದರೆ ಆ ವರ್ಷ ಸಿಗುವುದಿಲ್ಲ. ಕಂಪ್ಯೂಟರ್ ಮತ್ತು ಪೀಠೋಪಕರಣಗಳು ಹೊಸ ಉದ್ಯಮದಲ್ಲಿ ಬಳಕೆಯಾಗುವುದಾದರೆ ತಮ್ಮ ತಮ್ಮ ಬ್ಲಾಕಿನಲ್ಲಿ ಹಾಗೆಯೇ ಮುಂದುವರಿಯುತ್ತವೆ. ಉಳಿದ ಕಾಗದ ಮತ್ತು ಶಾಯಿಯನ್ನು ಮಾರಿದ ಹಣ ಮಾತ್ರ ಬಂಡವಾಳ ಲಾಭವಲ್ಲ, ವ್ಯಾಪಾರದ ಆದಾಯ.

ನಷ್ಟದ ವಿಷಯದಲ್ಲಿ ಭಯ ಬೇಡ. ಹಳೆಯ ವ್ಯಾಪಾರವನ್ನೇ ಮುಂದುವರಿಸಬೇಕೆಂಬ ಷರತ್ತು ಒಂದು ಕಾಲದಲ್ಲಿ ಇತ್ತು. ಅದನ್ನು ತೆಗೆದುಹಾಕಿ ಎರಡು ದಶಕಗಳೇ ಕಳೆದಿವೆ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ ಮುದ್ರಣಾಲಯದ ನಷ್ಟವನ್ನು ಎಂಟು ವರ್ಷಗಳವರೆಗೆ ಗಾಣದ ಲಾಭದಲ್ಲಿ ಕಳೆಯಬಹುದು. ಆ ನಷ್ಟದಲ್ಲಿ ಸವಕಳಿಯ ಪಾಲೆಷ್ಟು ಎಂಬುದನ್ನು ನಿಮ್ಮ ಆಡಿಟರ್ ಬಳಿ ಬೇರ್ಪಡಿಸಿ ನೋಡಿ, ಏಕೆಂದರೆ ಲಾಭ ಸಾಲದೆ ಹೊಂದಿಕೆಯಾಗದೆ ಉಳಿದ ಸವಕಳಿಗೆ ವರ್ಷಗಳ ಮಿತಿಯಿಲ್ಲ ಮತ್ತು ಅದನ್ನು ಬಂಡವಾಳ ಲಾಭದಲ್ಲಿಯೂ ಕಳೆಯಬಹುದು. ಹಿಂದಿನ ವರ್ಷದ ವ್ಯಾಪಾರ ನಷ್ಟಕ್ಕೆ ಈ ಸೌಲಭ್ಯವಿಲ್ಲ.

ಉತ್ತರ 2

ಜಿಎಸ್‌ಟಿ ನೋಂದಣಿಯನ್ನು ರದ್ದುಪಡಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ನೋಂದಣಿ ಇರುವುದು ನಿಮ್ಮ ಪ್ಯಾನ್ ಆಧಾರದ ಮೇಲೆ, ಮುದ್ರಣದ ಆಧಾರದ ಮೇಲಲ್ಲ. ಸರಕಿನ ವಿವರವನ್ನೂ, ಗಾಣದ ಜಾಗ ಬೇರೆಯಾದರೆ ಅದರ ವಿಳಾಸವನ್ನೂ ಬದಲಾವಣೆಯಾದ 15 ದಿನಗಳೊಳಗೆ ತಿದ್ದುಪಡಿ ಅರ್ಜಿಯಲ್ಲಿ ಸೇರಿಸಿದರೆ ಸಾಕು.

ಇನ್‌ಪುಟ್ ತೆರಿಗೆ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಮಾರಾಟದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆದಿದ್ದ ಯಂತ್ರವನ್ನು ಮಾರುವಾಗ ಎರಡು ಮೊತ್ತಗಳನ್ನು ಹೋಲಿಸಿ ಹೆಚ್ಚಿನದನ್ನು ಕಟ್ಟಬೇಕು: ಪಡೆದ ಕ್ರೆಡಿಟ್‌ನಲ್ಲಿ ಪ್ರತಿ ತ್ರೈಮಾಸಿಕಕ್ಕೆ ಶೇ. 5ರಂತೆ ಕಳೆದು ಉಳಿದದ್ದು, ಇಲ್ಲವೇ ಮಾರಾಟ ಬೆಲೆಯ ಮೇಲಿನ ತೆರಿಗೆ. ಐದು ವರ್ಷ ದಾಟಿರುವುದರಿಂದ ನಿಮ್ಮಲ್ಲಿ ಮೊದಲನೆಯದು ಶೂನ್ಯ. ಶೇ. 18ರ ದರದಲ್ಲಿ 6.50 ಲಕ್ಷಕ್ಕೆ 1,17,000 ರೂಪಾಯಿಯನ್ನು ಬಿಲ್‌ನಲ್ಲಿ ತೋರಿಸಿ ಖರೀದಿದಾರರಿಂದಲೇ ಪಡೆಯಿರಿ. ಅವರು ನೋಂದಾಯಿತರಾಗಿದ್ದರೆ ಅವರಿಗೆ ಅದರ ಕ್ರೆಡಿಟ್ ಸಿಗುತ್ತದೆ. ಇತ್ತ ಗಾಣದ ಯಂತ್ರಗಳ ಮೇಲೆ ಅದೇ ದರದಲ್ಲಿ ನೀವು ಕೊಡುವ 1,26,000 ರೂಪಾಯಿಯ ಕ್ರೆಡಿಟ್‌ನಿಂದ ಆ 1,17,000ವನ್ನು ತೀರಿಸಬಹುದು. ಖಾದ್ಯ ತೈಲದ ದರ ಶೇ. 5 ಮಾತ್ರ ಆದ್ದರಿಂದ ಇಲ್ಲದಿದ್ದರೆ ಆ ಕ್ರೆಡಿಟ್ ಕರಗಲು ಬಹಳ ಕಾಲ ಹಿಡಿಯುತ್ತಿತ್ತು. ನೋಂದಣಿ ರದ್ದುಪಡಿಸಿದರೆ ಈ ಹೊಂದಾಣಿಕೆಯ ದಾರಿಯೇ ಮುಚ್ಚುತ್ತದೆ.

ಇನ್ನೊಂದು ಮಾತು: ಕ್ರೆಡಿಟ್ ಪಡೆದಿದ್ದ ಕಂಪ್ಯೂಟರನ್ನು ಶಾಶ್ವತವಾಗಿ ಮನೆಯ ಬಳಕೆಗೆ ಒಯ್ದರೆ, ಹಣ ಪಡೆಯದಿದ್ದರೂ ಅದು ಜಿಎಸ್‌ಟಿಯಲ್ಲಿ ಪೂರೈಕೆಯೆಂದೇ ಪರಿಗಣಿತವಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಗಾಣವನ್ನು ನನ್ನ ಮಗನ ಜೊತೆ ಪಾಲುದಾರಿಕೆಯಲ್ಲಿ ನಡೆಸಿದರೆ ಇದೇ ಲೆಕ್ಕ ಅನ್ವಯಿಸುತ್ತದೆಯೇ?

ಉತ್ತರ 1 ಬರೆದವರು

ಇಲ್ಲ ಸರ್. ಪಾಲುದಾರಿಕೆ ಸಂಸ್ಥೆ ತೆರಿಗೆಯ ಕಣ್ಣಿನಲ್ಲಿ ಬೇರೆಯೇ ವ್ಯಕ್ತಿ. ಅದರ ಪ್ಯಾನ್ ಬೇರೆ, ಜಿಎಸ್‌ಟಿ ನೋಂದಣಿಯೂ ಬೇರೆ. ಸಂಸ್ಥೆ ಕೊಳ್ಳುವ ಗಾಣದ ಯಂತ್ರಗಳು ನಿಮ್ಮ ಬ್ಲಾಕಿಗೆ ಸೇರುವುದಿಲ್ಲವಾದ್ದರಿಂದ 1.70 ಲಕ್ಷದ ಲಾಭ ನಿಮ್ಮ ಕೈಯಲ್ಲಿ ತೆರಿಗೆಗೆ ಒಳಗಾಗುತ್ತದೆ. ಟೆಂಪೊವನ್ನು ನಿಮ್ಮ ಬಂಡವಾಳವೆಂದು ಸಂಸ್ಥೆಗೆ ಕೊಟ್ಟರೆ, ಸಂಸ್ಥೆಯ ಪುಸ್ತಕದಲ್ಲಿ ಬರೆದ ಮೊತ್ತವೇ ಮಾರಾಟ ಬೆಲೆಯಾಗುತ್ತದೆ. ನಿಮ್ಮ ಹಳೆಯ ನಷ್ಟವೂ ಸಂಸ್ಥೆಗೆ ಹೋಗುವುದಿಲ್ಲ. ಸಂಸ್ಥೆಯಿಂದ ನಿಮಗೆ ಬರುವ, ತೆರಿಗೆಗೆ ಒಳಪಡುವ ಸಂಭಾವನೆ ಮತ್ತು ಬಡ್ಡಿಯಲ್ಲಿ ಮಾತ್ರ ಅದನ್ನು ಕಳೆಯಬಹುದು. ಮಗನನ್ನು ಸೇರಿಸಿಕೊಳ್ಳುವುದು ನಿಶ್ಚಯವೇ ಆಗಿದ್ದರೂ, ಮಾರಾಟ ಮತ್ತು ಖರೀದಿ ಎರಡನ್ನೂ ನಿಮ್ಮ ಹೆಸರಿನಲ್ಲೇ ಮುಗಿಸಿ, ಹಳೆಯ ನಷ್ಟ ಗಾಣದ ಲಾಭದಲ್ಲಿ ಕಳೆದುಹೋಗುವವರೆಗೆ ಒಬ್ಬರ ಮಾಲೀಕತ್ವದಲ್ಲೇ ನಡೆಸಿ, ಆಮೇಲೆ ಪಾಲುದಾರಿಕೆ ಪತ್ರ ಬರೆಸುವುದು ಒಳಿತೆಂದು ನನಗನ್ನಿಸುತ್ತದೆ.